ಒಂದೇ ಮಗ್ಗದಲ್ಲಿ ನೇಯ್ದ ಸದ್ದು

ಬಲೆಗೆ ಮೀನು ಬೀಳುತ್ತದೆ, ಬಳೆ ಕೈಯಲ್ಲಿ ಗಲ್ಲೆನ್ನುತ್ತದೆ. ಎದುರಿಗೆ ಕೂತು ಆಡುವಾಗ ಈ ಎರಡು ಮಾತು ಯಾರಿಗೂ ಕಲಸಿಹೋಗುವುದಿಲ್ಲ. ಅದೇ ಮಾತು ಮೈಕಿನೊಳಗೆ ಹೋಗಿ, ಹದಿನೈದು ಇಂಚಿನ ಸ್ಪೀಕರ್ ಇರುವ ಬಾಕ್ಸಿನಿಂದ ಹೊರಬಿದ್ದು, ಬೀದಿಯ ಪಕ್ಕದ ಜಗುಲಿಯಲ್ಲಿ ಕೂತ ಅಜ್ಜಿಯ ಕಿವಿ ಮುಟ್ಟುವಷ್ಟರಲ್ಲಿ ಲಕಾರ ಯಾವುದು, ಳಕಾರ ಯಾವುದು ಎಂದು ತಿಳಿಯದೆ ಹೋಗಬಹುದು. ಅಜ್ಜಿಗೆ ಕಿವಿ ಮಂದವಾಯಿತು ಎಂದು ಮನೆಯವರು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಮಂದವಾಗಿರುವುದು ಬಾಕ್ಸ್.

ತಮಿಳುನಾಡಿನ ಸೇಲಂನಲ್ಲಿ ಈ ಸಂಗತಿಗೆ ಬೇರೆಯೇ ತೂಕವಿದೆ. ಇಲ್ಲಿನ ನೇಕಾರ ಕೇರಿಗಳಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡಿಕೊಂಡು ಬಂದ ದೇವಾಂಗ ಕುಟುಂಬಗಳಿವೆ. ಶಾಲೆಯ ಓದು ತಮಿಳು, ಅಂಗಡಿ ಬೀದಿಯ ವ್ಯವಹಾರ ತಮಿಳು. ಕನ್ನಡ ಉಳಿದಿರುವುದು ಅಡುಗೆಮನೆಯಲ್ಲಿ, ಮಗ್ಗದ ಮನೆಯಲ್ಲಿ, ಮತ್ತೆ ಕುಲದೇವತೆ ಚೌಡೇಶ್ವರಿಯ ಹಬ್ಬದಲ್ಲಿ. ವೀರಕುಮಾರರು ಎನ್ನಿಸಿಕೊಂಡ ಭಕ್ತರು ಅಲ್ಲಿ ಕತ್ತಿ ಹಿಡಿದು ಅಮ್ಮನನ್ನು ಕೂಗಿ ಕರೆಯುತ್ತಾರೆ. ಇಲ್ಲಿನವರು ಬರೆಯದೆ ಓದದೆ, ಕಿವಿಯಿಂದ ಕಿವಿಗೆ ದಾಟಿಸುವ ಭಾಷೆಗೆ ಬೀದಿಯ ಧ್ವನಿವರ್ಧಕ ಒಂದು ಬಗೆಯ ಪುಸ್ತಕ. ಅದರಲ್ಲಿ ಅಕ್ಷರ ಅಳಿಸಿದ್ದರೆ ನಷ್ಟ ಭಾಷೆಗೇ.

ಆ ಅಕ್ಷರ ಎಲ್ಲಿ ಅಳಿಯುತ್ತದೆ ಎಂಬುದನ್ನು ಸಾಕಷ್ಟು ನಿಖರವಾಗಿ ತೋರಿಸಬಹುದು. ಳ ಹೇಳುವಾಗ ನಾಲಿಗೆಯ ತುದಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಆಗ ಬಾಯೊಳಗಿನ ಅನುರಣನಗಳಲ್ಲಿ ಮೂರನೆಯದು, ಅಂದರೆ 2000ದಿಂದ 3000 ಹರ್ಟ್ಸ್ ಆಸುಪಾಸಿನದು, ಕೆಳಕ್ಕೆ ಇಳಿಯುತ್ತದೆ. ಕಿವಿ ಲ ಮತ್ತು ಳಗಳನ್ನು ಬೇರೆ ಮಾಡಿಕೊಳ್ಳಲು ನೆಚ್ಚಿರುವ ಮುಖ್ಯ ಗುರುತು ಇದು. ತಮಿಳಿನಲ್ಲಿ ಇವೆರಡರ ಜೊತೆಗೆ, ಹಳಗನ್ನಡದಲ್ಲಿ ಇದ್ದು ಮರೆಯಾದ ೞ ಕೂಡ ಬದುಕಿದೆ. ಹಾಗಾಗಿ ಸೇಲಂನ ಮೈಕಿನ ಮುಂದೆ ನಿಲ್ಲುವವರಿಗೆ ಈ ಸ್ವರವ್ಯಾಪ್ತಿಯ ಅಗತ್ಯ ಇನ್ನೂ ಹೆಚ್ಚು. ದುರದೃಷ್ಟಕ್ಕೆ, ಸಾಮಾನ್ಯ ಎರಡು ಸ್ಪೀಕರಿನ ಬಾಕ್ಸುಗಳಲ್ಲಿ ಕೆಳಗಿನ ದೊಡ್ಡ ವೂಫರ್ ತನ್ನ ಕೆಲಸ ಬಿಟ್ಟು ಮೇಲಿನ ಹಾರ್ನ್ ಕೆಲಸ ಹಿಡಿಯುವ ಜಾಗವೂ ಸರಿಸುಮಾರು ಅದೇ: 1500ರಿಂದ 3000 ಹರ್ಟ್ಸ್. ಈ ಕೈ ಬದಲಾವಣೆಗೆ ಕ್ರಾಸ್‌ಓವರ್ ಎಂದು ಹೆಸರು.

ಕೈ ಬದಲಾಯಿಸುವಾಗ ಕೊಡ ಜಾರುವ ಅನುಭವ ಸಿನಿಮಾದವರಿಗೆ ತೊಂಬತ್ತು ವರ್ಷದ ಹಿಂದೆಯೇ ಆಗಿತ್ತು. ಟಿ.ಆರ್. ಸುಂದರಂ ಅವರು ಸೇಲಂನಲ್ಲಿ ಮಾಡರ್ನ್ ಥಿಯೇಟರ್ಸ್ ಎಂಬ ಚಿತ್ರ ಸ್ಟುಡಿಯೋ ಕಟ್ಟಿದ್ದು 1935ರಲ್ಲಿ. ಏರ್ಕಾಡಿಗೆ ಹೋಗುವ ರಸ್ತೆಯಲ್ಲಿ ಅದರ ಕಮಾನು ಇವತ್ತಿಗೂ ನಿಂತಿದೆ. ಮಲಯಾಳಂನ ಮೊದಲ ವಾಕ್ಚಿತ್ರ ‘ಬಾಲನ್’ 1938ರಲ್ಲಿ ಈ ಸಂಸ್ಥೆಯಿಂದ ಬಂತು, ತಮಿಳಿನ ಮೊದಲ ಪೂರ್ಣ ವರ್ಣಚಿತ್ರ ‘ಆಲಿಬಾಬಾವುಂ 40 ತಿರುಡರ್ಗಳುಂ’ 1956ರಲ್ಲಿ ಬಂತು. ಸೇಲಂ ಹೀಗೆ ಮಾತಾಡುವ ಚಿತ್ರಗಳನ್ನು ತಯಾರಿಸಲು ತೊಡಗಿದ ವರ್ಷಗಳಲ್ಲೇ ಹಾಲಿವುಡ್‌ನ ಎಂಜಿಎಂ ಸ್ಟುಡಿಯೋದಲ್ಲಿ ಡಗ್ಲಸ್ ಶಿಯರರ್ ಅವರ ತಂಡ ಚಿತ್ರಮಂದಿರಕ್ಕೆ ತಕ್ಕ ಎರಡು ಪಾಲಿನ ಸ್ಪೀಕರ್ ಕಟ್ಟುತ್ತಿತ್ತು. ಆ ತಂಡದ ಜಾನ್ ಹಿಲಿಯರ್ಡ್ ಹೇಳಿದ ಪ್ರಸಂಗ ಧ್ವನಿ ಲೋಕದಲ್ಲಿ ಪ್ರಸಿದ್ಧ. ನಟಿ ಎಲಿನರ್ ಪೊವೆಲ್ ಅವರ ಟ್ಯಾಪ್ ನೃತ್ಯವನ್ನು ಹಿಂದಿನ ಮಾದರಿಯ ಸ್ಪೀಕರಿನಲ್ಲಿ ಕೇಳಿದರೆ ಬೂಟಿನ ಒಂದೊಂದು ತಟ್ಟೂ ಎರಡೆರಡಾಗಿ ಕೇಳುತ್ತಿತ್ತು. ಕಾರಣ ಸರಳ. ಕೆಳಸ್ಥಾಯಿಯ ಹಾರ್ನಿನ ಕೊಳವೆ ಉದ್ದ, ಮೇಲ್ಸ್ಥಾಯಿಯದು ಗಿಡ್ಡ. ಒಂದೇ ತಟ್ಟಿನ ಎರಡು ತುಂಡು ಬೇರೆ ಬೇರೆ ಹೊತ್ತಿಗೆ ಬಂದು ಮುಟ್ಟುತ್ತಿದ್ದವು. ಎರಡೂ ಹಾರ್ನುಗಳ ದಾರಿಯನ್ನು ಸಮ ಮಾಡಿದ ಮೇಲೆ ತಟ್ಟು ಒಂದಾಯಿತು.

ಅಂದು ಮರಗೆಲಸದಿಂದ ಮಾಡಿದ ಆ ತಿದ್ದುಪಡಿಯನ್ನು ಇಂದು ಕಂಪ್ಯೂಟರಿನಲ್ಲಿ ಒಂದು ಅಂಕಿ ಬದಲಿಸಿ ಮಾಡಬಹುದು. ಅದಕ್ಕೆ ಬೇಕಾದದ್ದು ಒಂದು ಲ್ಯಾಪ್‌ಟಾಪ್ ಅಥವಾ ಅಂಗೈಯಗಲದ ರಾಸ್ಪ್‌ಬೆರಿ ಪೈ, ಹಲವು ಔಟ್‌ಪುಟ್ ಇರುವ ಒಂದು ಆಡಿಯೋ ಇಂಟರ್‌ಫೇಸ್, ಪುಕ್ಕಟೆ ಸಿಗುವ ತಂತ್ರಾಂಶ, ಮತ್ತೆ ಒಂದು ಅಳತೆಯ ಮೈಕ್. ಇದಿಷ್ಟನ್ನು ಹೇಗೆ ಆರಿಸಬೇಕು ಎಂಬಲ್ಲಿ ಜನ ಎಡವುತ್ತಾರೆ.

ಮೊದಲು ಹಳೆಯ ಕ್ರಮವನ್ನು ನೋಡಬೇಕು. ತಮಿಳುನಾಡಿನ ಕಡೆ ಹಬ್ಬಕ್ಕೆ ಮೈಕ್, ಸ್ಪೀಕರ್ ಬಾಡಿಗೆಗೆ ಕಟ್ಟುವುದಕ್ಕೆ ಇಂದಿಗೂ ‘ರೇಡಿಯೋ ಸೆಟ್’ ಎಂದೇ ಹೆಸರು. ರೇಡಿಯೋ ಸೆಟ್ಟಿನವರ ಬಾಕ್ಸನ್ನು ಬಿಚ್ಚಿದರೆ ಒಳಗೆ ತಾಮ್ರದ ತಂತಿ ಸುತ್ತಿದ ಕಾಯಿಲ್, ಕೆಪಾಸಿಟರ್, ಸಿಮೆಂಟು ಬಣ್ಣದ ರೆಸಿಸ್ಟರ್ ಇರುವ ಪುಟ್ಟ ಹಲಗೆ ಕಾಣುತ್ತದೆ. ಆಂಪ್ಲಿಫೈಯರ್‌ನಿಂದ ಬಂದ ಬಲವಾದ ಕರೆಂಟನ್ನು ಅದು ಎರಡಾಗಿ ಸೀಳುತ್ತದೆ. ಈ ಹಲಗೆಯ ಲೆಕ್ಕವೆಲ್ಲ ಸ್ಪೀಕರಿನ ರೋಧ 8 ಓಮ್ ಎಂಬ ನಂಬಿಕೆಯ ಮೇಲೆ ನಿಂತಿದೆ. ನಿಜದಲ್ಲಿ ಆ 8 ಓಮ್ ಎಂಬುದು ಡಬ್ಬದ ಮೇಲಿನ ಹೆಸರಷ್ಟೆ. ಸ್ವರ ಏರಿಳಿದ ಹಾಗೆ ರೋಧ ಬದಲಾಗುತ್ತದೆ, ಮೂರು ಗಂಟೆ ಜೋರಾಗಿ ಹಾಡಿದ ಮೇಲೆ ಸ್ಪೀಕರಿನ ಕಾಯಿಲ್ ಕಾದು ಇನ್ನೂ ಬದಲಾಗುತ್ತದೆ. ಸಂಜೆ ಚೆನ್ನಾಗಿದ್ದ ಬಾಕ್ಸ್ ನಡುರಾತ್ರಿಗೆ ಕಿರಿಚುವುದಕ್ಕೆ ಇದೂ ಒಂದು ಕಾರಣ. ಕಂಪ್ಯೂಟರ್ ಕ್ರಮದಲ್ಲಿ ಸೀಳುವ ಕೆಲಸ ಆಂಪ್ಲಿಫೈಯರ್‌ಗಿಂತ ಮೊದಲೇ, ಅಂಕಿಗಳಲ್ಲಿ ಮುಗಿಯುತ್ತದೆ. ವೂಫರ್‌ಗೆ ಒಂದು ಆಂಪ್, ಹಾರ್ನ್‌ಗೆ ಇನ್ನೊಂದು. ಎಡ ಬಲ ಎರಡು ಬಾಕ್ಸಿಗೆ ನಾಲ್ಕು ಆಂಪ್, ನಾಲ್ಕು ಔಟ್‌ಪುಟ್. ಮೂರು ಸ್ಪೀಕರಿನ ಬಾಕ್ಸಾದರೆ ಆರು, ಸಬ್‌ವೂಫರ್ ಸೇರಿದರೆ ಏಳೋ ಎಂಟೋ.

ಔಟ್‌ಪುಟ್ ಸಾಲದೆ ಹೋದಾಗ ಎಲ್ಲರಿಗೂ ಹೊಳೆಯುವ ಮೊದಲ ಉಪಾಯವೆಂದರೆ ಎರಡು ಅಗ್ಗದ ಸೌಂಡ್ ಕಾರ್ಡ್ ತಂದು ಒಂದಕ್ಕೆ ವೂಫರ್, ಇನ್ನೊಂದಕ್ಕೆ ಮೇಲ್ಸ್ವರದ ಸ್ಪೀಕರಾದ ಟ್ವೀಟರ್ ಹಚ್ಚುವುದು. ಇದು ಕೆಲಸಕ್ಕೆ ಬಾರದ ಉಪಾಯ. ಸೇಲಂನ ಬಿಳಿ ರೇಷ್ಮೆ ಪಂಚೆಯನ್ನು ನೆನೆದುಕೊಂಡರೆ ಏಕೆಂದು ತಿಳಿಯುತ್ತದೆ. ಒಡಲನ್ನು ಒಂದು ಮಗ್ಗದಲ್ಲಿ, ಜರಿ ಅಂಚನ್ನು ಪಕ್ಕದ ಮನೆಯ ಮಗ್ಗದಲ್ಲಿ ನೇಯ್ದು ಆಮೇಲೆ ಕೂಡಿಸಿದರೆ ಎಷ್ಟೇ ಜಾಣ ನೇಕಾರರಾದರೂ ಬಡಿತಕ್ಕೆ ಬಡಿತ ಹೊಂದುವುದಿಲ್ಲ. ಒಂದು ಮೊಳ ಹೋಗುವಷ್ಟರಲ್ಲಿ ಅಂಚು ಸುಕ್ಕುಗಟ್ಟುತ್ತದೆ. ಸೌಂಡ್ ಕಾರ್ಡಿನ ಬಡಿತ ಅದರೊಳಗಿನ ಹರಳಿನ ಗಡಿಯಾರದ್ದು. ಸೆಕೆಂಡಿಗೆ 48,000 ಸಲ ಎಂದು ಎರಡು ಕಾರ್ಡಿನ ಮೇಲೂ ಬರೆದಿರುತ್ತದೆ, ಆದರೆ ಎರಡು ಹರಳು ತದ್ವತ್ ಒಂದೇ ಇರುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಎಂದುಕೊಳ್ಳೋಣ. ಕೇಳಲು ಏನೂ ಅಲ್ಲ. ಒಂದು ನಿಮಿಷಕ್ಕೆ ಅದು 3 ಮಿಲಿಸೆಕೆಂಡ್. ಸೇಲಂನ ಬೇಸಿಗೆಯ ಸಂಜೆ ಸದ್ದು ಸೆಕೆಂಡಿಗೆ ಸುಮಾರು 350 ಮೀಟರ್ ಓಡುತ್ತದೆ; 3 ಮಿಲಿಸೆಕೆಂಡ್ ಎಂದರೆ ಟ್ವೀಟರನ್ನು ಕಿತ್ತು ಒಂದು ಮೀಟರ್ ಹಿಂದಕ್ಕೆ ಇಟ್ಟಂತೆ. 2000 ಹರ್ಟ್ಸ್‌ನಲ್ಲಿ ಒಂದು ಅಲೆಯ ಉದ್ದ ಹದಿನೇಳೂವರೆ ಸೆಂಟಿಮೀಟರ್. ಅರ್ಧ ಅಲೆಯಷ್ಟು ಜಾರಿದರೆ ಒಂದು ಸ್ಪೀಕರ್ ತಳ್ಳಿದ್ದನ್ನು ಇನ್ನೊಂದು ಎಳೆದುಕೊಳ್ಳುತ್ತದೆ, ಆ ಸ್ವರವೇ ಬತ್ತಿಹೋಗುತ್ತದೆ. ಮೇಲಿನ ಲೆಕ್ಕದಲ್ಲಿ ಅಷ್ಟು ಜಾರಲು ಐದೇ ಸೆಕೆಂಡ್ ಸಾಕು.

ಆದ್ದರಿಂದ ಮೊದಲ ನಿಯಮ: ಎಷ್ಟು ಸ್ಪೀಕರ್ ಇದೆಯೋ ಅಷ್ಟೂ ಔಟ್‌ಪುಟ್ ಒಂದೇ ಪೆಟ್ಟಿಗೆಯಿಂದ, ಒಂದೇ ಗಡಿಯಾರದಿಂದ ಹೊರಡಬೇಕು. ನಾಲ್ಕು ಔಟ್‌ಪುಟ್ ಸಾಕೆನ್ನುವವರಿಗೆ ಬೆಹ್ರಿಂಜರ್‌ನ ಯುಎಂಸಿ404ಎಚ್‌ಡಿ ಇದೆ. ಹೆಚ್ಚು ಬೇಕಾದರೆ ಅದೇ ಕಂಪನಿಯ ಯುಎಂಸಿ1820, ಫೋಕಸ್‌ರೈಟ್‌ನ ಸ್ಕಾರ್ಲೆಟ್ 18ಐ20, ಇನ್ನೂ ಮೇಲಿನ ದರ್ಜೆಯಲ್ಲಿ ಮೋಟು ಅಲ್ಟ್ರಾಲೈಟ್ ಎಂಕೆ5. ಕೊನೆಯ ಎರಡರಲ್ಲಿ ಹತ್ತು ಹತ್ತು ಲೈನ್ ಔಟ್‌ಪುಟ್ ಇವೆ. ಹೆಸರಿನಲ್ಲಿರುವ 18, 20 ನೋಡಿ ಮೋಸಹೋಗಬಾರದು. ಡಿಜಿಟಲ್ ತೂತುಗಳನ್ನೂ ಎಣಿಸಿ ಬರೆದ ಸಂಖ್ಯೆ ಅದು. ಹಿಂಬದಿಯ ಚಿತ್ರ ತೆಗೆದು ಆಂಪ್‌ಗೆ ನೇರ ಸಿಕ್ಕಿಸಬಹುದಾದ ಜಾಕ್ ಎಷ್ಟಿವೆ ಎಂದು ಬೆರಳು ಮಡಚಿ ಎಣಿಸಬೇಕು.

ಮನೆಯಲ್ಲಿ ಹಳೆಯ ಹೋಮ್ ಥಿಯೇಟರ್ ರಿಸೀವರ್ ಇದ್ದವರಿಗೆ ಇನ್ನೂ ಅಗ್ಗದ ದಾರಿಯಿದೆ. ಲ್ಯಾಪ್‌ಟಾಪಿನ ಎಚ್‌ಡಿಎಂಐ ತಂತಿಯಲ್ಲಿ ಎಂಟು ಚಾನೆಲ್ ಒಟ್ಟಿಗೆ ಹೋಗುತ್ತವೆ. ರಿಸೀವರ್ ಒಳಗೆ ಐದೋ ಏಳೋ ಆಂಪ್ ತಯಾರಿರುತ್ತವೆ, ಗಡಿಯಾರ ಒಂದೇ. ಅದರ ಸ್ವಂತ ಬಾಸ್ ಹಂಚಿಕೆ, ಕೋಣೆ ತಿದ್ದುವಿಕೆ ಎಲ್ಲವನ್ನೂ ಆಫ್ ಮಾಡಿ, ಸ್ಪೀಕರುಗಳನ್ನೆಲ್ಲ ‘ಲಾರ್ಜ್’ ಎಂದು ಗುರುತು ಮಾಡಿದರೆ ಆಯಿತು. ಕಲಿಯುವವರು ಇಲ್ಲಿಂದ ಶುರುಮಾಡುವುದು ಬುದ್ಧಿವಂತಿಕೆ.

ಎರಡನೆಯ ಸಂಗತಿ ಡ್ರೈವರ್ ತಂತ್ರಾಂಶದ್ದು. ಕೊಂಡ ಮೇಲೆ ಕಣ್ಣೀರು ಹಾಕಿಸುವುದು ಸಾಮಾನ್ಯವಾಗಿ ಇದೇ. ಕೆಲವು ಇಂಟರ್‌ಫೇಸುಗಳು ವಿಂಡೋಸ್‌ಗೆ ತಮ್ಮ ಎಂಟು ಔಟ್‌ಪುಟ್‌ಗಳನ್ನು ಎಂಟಾಗಿ ತೋರಿಸದೆ ನಾಲ್ಕು ಬೇರೆ ಬೇರೆ ಸ್ಟೀರಿಯೋ ಜೋಡಿಗಳಾಗಿ ತೋರಿಸುತ್ತವೆ. ಆಗ ವಿಂಡೋಸ್‌ನ ಎಲ್ಲ ಸದ್ದನ್ನೂ ತಿದ್ದುವ ಈಕ್ವಲೈಸರ್ ಎಪಿಒ ಎಂಬ ಪುಕ್ಕಟೆ ತಂತ್ರಾಂಶಕ್ಕೆ ಎರಡೇ ಚಾನೆಲ್ ಕಾಣುತ್ತವೆ, ಕ್ರಾಸ್‌ಓವರ್ ಕಟ್ಟಲು ಆಗುವುದೇ ಇಲ್ಲ. ಇನ್ನೊಂದು ಮಿತಿಯೂ ಅದಕ್ಕಿದೆ: ಏಸಿಯೋ ಎಂಬ ನೇರ ಡ್ರೈವರ್ ದಾರಿಯಲ್ಲಿ ನುಡಿಸುವ ಪ್ಲೇಯರ್‌ಗಳು ಎಪಿಒವನ್ನು ದಾಟಿಕೊಂಡು ಹೋಗುತ್ತವೆ. ಅಂದರೆ ವೂಫರ್‌ನ ಗುಡುಗು ನೇರವಾಗಿ ಟ್ವೀಟರಿಗೆ ಹೋಗಬಹುದು. ಲಿನಕ್ಸ್ ಕಡೆ ಈ ತೊಡಕು ಕಡಿಮೆ. ವಿಶೇಷ ಡ್ರೈವರ್ ಬೇಡದ, ‘ಕ್ಲಾಸ್ ಕಂಪ್ಲೈಂಟ್’ ಎನ್ನಿಸಿಕೊಂಡ ಇಂಟರ್‌ಫೇಸ್ ಅಲ್ಲಿ ತನ್ನ ಎಲ್ಲ ಚಾನೆಲ್‌ಗಳನ್ನೂ ಬಿಚ್ಚಿ ತೋರಿಸುತ್ತದೆ. ಹೆನ್ರಿಕ್ ಎಂಕ್ವಿಸ್ಟ್ ಬರೆದ ಕ್ಯಾಮಿಲ್ಲಾ ಡಿಎಸ್‌ಪಿ ಎಂಬ ಪುಕ್ಕಟೆ ತಂತ್ರಾಂಶವನ್ನು ರಾಸ್ಪ್‌ಬೆರಿ ಪೈನಲ್ಲಿ ಕೂರಿಸಿದರೆ ಫ್ಯಾನ್ ಸದ್ದೂ ಇಲ್ಲದೆ ವರ್ಷಗಟ್ಟಲೆ ಓಡುತ್ತದೆ. ಅದರ ಆದೇಶಗಳನ್ನೆಲ್ಲ ಒಂದು ಸಾದಾ ಪಠ್ಯ ಕಡತದಲ್ಲಿ ಬರೆಯಬೇಕು. ಮೊದಲ ವಾರ ಕಷ್ಟ. ಒಮ್ಮೆ ಕೈಗೆ ಹತ್ತಿದ ಮೇಲೆ, ಯಾವ ಚಾನೆಲ್‌ಗೆ ಏನು ಹೋಗುತ್ತಿದೆ ಎಂದು ಕಣ್ಣಾರೆ ಓದಿಕೊಳ್ಳುವ ನೆಮ್ಮದಿ ಬೇರೆ ಯಾವುದರಲ್ಲೂ ಇಲ್ಲ.

ಇನ್ನು ಸ್ವರಗಳನ್ನು ಸೀಳುವ ಫಿಲ್ಟರ್. ಇದು ಮಾತು ಬೆಳೆಯುವ ಜಾಗ, ಬೆಳೆಯಲೂಬೇಕು.

1976ರಲ್ಲಿ ಹ್ಯೂಲೆಟ್ ಪ್ಯಾಕಾರ್ಡ್‌ನ ಎಂಜಿನಿಯರ್ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಒಂದು ಲೇಖನ ಪ್ರಕಟಿಸಿದರು. ಅವರೂ ಸಹೋದ್ಯೋಗಿ ರಸ್ ರೈಲಿಯೂ ಕಂಡುಕೊಂಡ ಫಿಲ್ಟರ್ ಅದರಲ್ಲಿತ್ತು. ಅದು ಹೊಸ ಯಂತ್ರವಲ್ಲ; ಬ್ರಿಟನ್ನಿನ ಸ್ಟೀಫನ್ ಬಟರ್‌ವರ್ತ್ 1930ರಲ್ಲಿ ವಿವರಿಸಿದ್ದ ಫಿಲ್ಟರನ್ನೇ ಒಂದರ ಹಿಂದೆ ಒಂದರಂತೆ ಎರಡು ಸಲ ಹಾಕುವುದು. ಫಲ ಮಾತ್ರ ಸೊಗಸಾದದ್ದು. ಕೂಡುವ ಸ್ವರದಲ್ಲಿ ವೂಫರೂ ಟ್ವೀಟರೂ ತಮ್ಮ ಅರ್ಧರ್ಧ ಒತ್ತಡ ಕೊಡುತ್ತವೆ, ಎರಡೂ ಒಂದೇ ಹೆಜ್ಜೆಯಲ್ಲಿ ನಡೆಯುತ್ತವೆ, ಕೂಡಿದರೆ ಒಂದು ಪೂರ್ತಿ. ಇದರ ನಾಲ್ಕನೇ ದರ್ಜೆಯದನ್ನು 24 ಡೆಸಿಬೆಲ್ ಇಳಿಜಾರು ಎನ್ನುತ್ತಾರೆ. 2000 ಹರ್ಟ್ಸ್‌ಗೆ ಕಟ್ಟಿದರೆ 1000 ಹರ್ಟ್ಸ್ ಸ್ವರದಲ್ಲಿ ಟ್ವೀಟರಿಗೆ ಹೋಗುವ ಶಕ್ತಿ ಸುಮಾರು ಇನ್ನೂರತೊಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹೊಸಬರು ಕಣ್ಣು ಮುಚ್ಚಿ ಇದರಿಂದಲೇ ಆರಂಭಿಸಬಹುದು. ಕಂಪ್ಯೂಟರಿಗೆ ಇದು ಹೊರೆಯೇ ಅಲ್ಲ, ಗಮನಕ್ಕೆ ಬರುವಷ್ಟು ತಡವೂ ಆಗುವುದಿಲ್ಲ.

ಇನ್ನೊಂದು ಬಗೆ ಎಫ್‌ಐಆರ್. ಇದರಲ್ಲಿ ಸಾವಿರಾರು ಅಂಕಿಗಳ ಸರಪಳಿಯೊಂದನ್ನು ಸದ್ದಿನ ಮೇಲೆ ಎಳೆಯಲಾಗುತ್ತದೆ. ಎತ್ತರದ ಸ್ವರವೂ ತಗ್ಗಿನ ಸ್ವರವೂ ಒಂದೇ ಹೊತ್ತಿಗೆ ಹೊರಬರುವಂತೆ ಮಾಡುವ ಶಕ್ತಿ ಇದಕ್ಕಿದೆ. ರೀಫೇಸ್ ಎಂಬ ಪುಕ್ಕಟೆ ತಂತ್ರಾಂಶ ಆ ಅಂಕಿಗಳನ್ನು ತಯಾರಿಸಿ ಕೊಡುತ್ತದೆ. ಬೆಲೆ ತೆರಬೇಕಾದದ್ದು ಸಮಯದಲ್ಲಿ. 48,000ದ ವೇಗದಲ್ಲಿ 4096 ಅಂಕಿಗಳ ಇಂಥ ಫಿಲ್ಟರ್ ಸುಮಾರು 43 ಮಿಲಿಸೆಕೆಂಡ್ ತಡ ಮಾಡುತ್ತದೆ. ಮನೆಯಲ್ಲಿ ತಟ್ಟೆ ಹಾಕಿ ಹಾಡು ಕೇಳುವವರಿಗೆ ಅದು ಲೆಕ್ಕಕ್ಕಿಲ್ಲ. ಧರ್ಮಪುರಿ ಕಡೆಯ ದ್ರೌಪದಿ ಅಮ್ಮನ ಹಬ್ಬದಲ್ಲಿ ರಾತ್ರಿಯೆಲ್ಲ ‘ಕೂತ್ತು’ ಎಂಬ ಬಯಲಾಟ ಆಡುವವರಿಗೆ ಅದು ಬಾಕ್ಸನ್ನು ಹದಿನೈದು ಮೀಟರ್ ದೂರ ಇಟ್ಟಂತೆ. ಪಂಬೈ ಚರ್ಮವಾದ್ಯ ಬಡಿಯುವವರು ತಮ್ಮದೇ ಏಟನ್ನು ತಡವಾಗಿ ಕೇಳಿಸಿಕೊಂಡು ಲಯ ತಪ್ಪುತ್ತಾರೆ. ಜೊತೆಗೆ, ಈ ಬಗೆಯ ಫಿಲ್ಟರನ್ನು ಕಡಿದಾದ ಇಳಿಜಾರಿಗೆ ಎಳೆದರೆ ಏಟಿನ ಹಿಂದೆ ಮೊಳಗಬೇಕಾದ ಗುಂಯ್ ಸದ್ದು ಏಟಿಗಿಂತ ಮುಂಚೆಯೇ ಸಣ್ಣಗೆ ಮೊಳಗುತ್ತದೆ. ಪ್ರಕೃತಿಯಲ್ಲಿ ಅಂಥ ಸದ್ದಿಲ್ಲ, ಹಾಗಾಗಿ ಕಿವಿ ಅದನ್ನು ಬೇಗ ಹಿಡಿಯುತ್ತದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಎಫ್‌ಐಆರ್ ಅಂಕಿಗಳು ಒಂದು ವೇಗಕ್ಕೆ ಹೊಲಿದ ಅಂಗಿ. 48,000ಕ್ಕೆ ಹೊಲಿದದ್ದನ್ನು 44,100ರ ಹಾಡಿಗೆ ತೊಡಿಸಿದರೆ 2000ದಲ್ಲಿದ್ದ ಕ್ರಾಸ್‌ಓವರ್ 1837ಕ್ಕೆ ಬಂದು ಕೂರುತ್ತದೆ. ಇಡೀ ವ್ಯವಸ್ಥೆಯನ್ನು ಒಂದೇ ವೇಗಕ್ಕೆ ಕಟ್ಟಿಹಾಕಿ, ಹಾಡುಗಳನ್ನೇ ಆ ವೇಗಕ್ಕೆ ಬದಲಿಸಿಕೊಳ್ಳುವುದು ಒಳ್ಳೆಯದು.

ಆದರೆ ತಂತ್ರಾಂಶದಲ್ಲಿ 2000, 24 ಡೆಸಿಬೆಲ್ ಎಂದು ಬರೆದ ಮಾತ್ರಕ್ಕೆ ಗಾಳಿಯಲ್ಲಿ ಅದೇ ಹೊರಡುವುದಿಲ್ಲ. ಹಾರ್ನ್ ತನ್ನಷ್ಟಕ್ಕೆ ತಾನೇ ಕೆಳಸ್ವರಗಳಲ್ಲಿ ಬಳಲುತ್ತದೆ, ವೂಫರ್ ಮೇಲ್ಸ್ವರಗಳಲ್ಲಿ. ಸ್ಪೀಕರಿನ ಸ್ವಂತ ಇಳಿಜಾರು, ಫಿಲ್ಟರಿನ ಇಳಿಜಾರು ಎರಡೂ ಸೇರಿ ಒಟ್ಟು 24 ಆಗಬೇಕು. ಅದಕ್ಕೇ ಅಳತೆ ಬೇಕಾಗುವುದು. ಅಳೆಯದೆ ಕಟ್ಟಿದ ಡಿಜಿಟಲ್ ಕ್ರಾಸ್‌ಓವರ್‌ಗಿಂತ ಕೈಪಳಗಿದವರು ಕಟ್ಟಿದ ಹಳೆಯ ತಾಮ್ರದ ಹಲಗೆಯೇ ಎಷ್ಟೋ ವಾಸಿ.

ಅಳತೆಗೆ ಸೇಲಂ ಮನೆಗಳ ತಾರಸಿಯಂಥ ಜಾಗ ಇನ್ನೊಂದಿಲ್ಲ. ಬೆಳಿಗ್ಗೆ ಆರಾದ ಮೇಲೆ, ಪವರ್‌ಲೂಮ್ ಸದ್ದು ಏಳುವ ಮುನ್ನ, ಗಾಳಿ ನಿಂತಿರುವಾಗ ಬಾಕ್ಸನ್ನು ಎರಡು ಮೀಟರ್ ಎತ್ತರದ ಸ್ಟ್ಯಾಂಡಿನ ಮೇಲಿಟ್ಟು, ಎರಡು ಮೀಟರ್ ಎದುರಿಗೆ ಅಷ್ಟೇ ಎತ್ತರದಲ್ಲಿ ಮೈಕ್ ನಿಲ್ಲಿಸಬೇಕು. ನೆಲಕ್ಕೆ ಬಡಿದು ಬರುವ ಪ್ರತಿಧ್ವನಿ ನೇರ ಸದ್ದಿಗಿಂತ ಸುಮಾರು 7 ಮಿಲಿಸೆಕೆಂಡ್ ಹಿಂದೆ ಬರುತ್ತದೆ. ಆ 7ರೊಳಗೆ ಬಂದದ್ದನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಕೋಣೆ, ಗೋಡೆ, ನೆಲ ಯಾವುದರ ಹಂಗೂ ಇಲ್ಲದ ಬಾಕ್ಸಿನ ನಿಜದನಿ ಸಿಗುತ್ತದೆ. 140 ಹರ್ಟ್ಸ್‌ಗಿಂತ ಕೆಳಗಿನ ಸುದ್ದಿ ಈ ಅಳತೆಯಿಂದ ತಿಳಿಯದು. 2000ದ ಆಸುಪಾಸಿಗೆ ಧಾರಾಳ ಸಾಕು. ಅಳೆಯುವ ತಂತ್ರಾಂಶ ಜಾನ್ ಮಲ್ಕಾಹಿ ಅವರ ರೂಮ್ ಇಕ್ಯೂ ವಿಝರ್ಡ್; ಇದಕ್ಕೂ ಕಾಸಿಲ್ಲ. ಕೆಳಗಿನಿಂದ ಮೇಲಕ್ಕೆ ಏರುವ ಊಳೊಂದನ್ನು ಅದು ಹೊರಡಿಸಿ, ಮೈಕಿಗೆ ಬಿದ್ದದ್ದನ್ನು ಗೆರೆಯಾಗಿ ಬರೆಯುತ್ತದೆ.

ಮೈಕ್ ಆರಿಸುವಾಗಲೂ ಗಡಿಯಾರದ ಮಾತು ಮರಳಿ ಬರುತ್ತದೆ. ಯುಎಸ್‌ಬಿ ಅಳತೆ ಮೈಕ್ ಬಳಸಲು ಸುಲಭ, ಆದರೆ ಅದಕ್ಕೆ ತನ್ನದೇ ಗಡಿಯಾರ. ಗೆರೆಯ ಏರಿಳಿತ ನೋಡಲು ತೊಂದರೆಯಿಲ್ಲ. ವೂಫರ್, ಟ್ವೀಟರ್‌ಗಳ ನಡುವಿನ ಹೊತ್ತನ್ನು ಹಿಡಿಯಲು ತಂತ್ರಾಂಶ ಬೇರೆ ಗುರುತಿನ ಸದ್ದೊಂದನ್ನು ಆಶ್ರಯಿಸಬೇಕು. 48 ವೋಲ್ಟ್ ಫ್ಯಾಂಟಮ್ ಪವರ್ ಕೊಡುವ ಮೈಕ್ ಜಾಕ್ ಇಂಟರ್‌ಫೇಸಿನಲ್ಲೇ ಇದ್ದರೆ ಆಡಿಸುವುದು, ಕೇಳುವುದು ಎರಡೂ ಒಂದೇ ಬಡಿತದಲ್ಲಿ ನಡೆಯುತ್ತವೆ. ಕೊಳ್ಳುವಾಗ ಔಟ್‌ಪುಟ್ ಮಾತ್ರ ಎಣಿಸದೆ ಇದನ್ನೂ ನೋಡಿದರೆ ಮುಂದೆ ಬಹಳ ದುಡಿಮೆ ಉಳಿಯುತ್ತದೆ.

ಈಗ ಎಲಿನರ್ ಪೊವೆಲ್ ಅವರ ಬೂಟಿನ ತಟ್ಟನ್ನು ಒಂದು ಮಾಡುವ ಗಳಿಗೆ. ಹಾರ್ನಿನ ಗಂಟಲು ಬಾಕ್ಸಿನ ಹಿಂಭಾಗದಲ್ಲಿರುತ್ತದೆ, ವೂಫರಿನ ಕೋನ್ ಮುಂದಿನ ಹಲಗೆಯಲ್ಲಿ. ನಡುವೆ 20 ಸೆಂಟಿಮೀಟರ್ ಅಂತರವಿದ್ದರೆ ವೂಫರಿನ ಸದ್ದು 0.57 ಮಿಲಿಸೆಕೆಂಡ್ ಮುಂಚೆ ಹೊರಡುತ್ತದೆ. 48,000ದ ಲೆಕ್ಕದಲ್ಲಿ ಅದು 27 ಬಡಿತ. ವೂಫರ್ ಚಾನೆಲ್‌ಗೆ 27 ಎಂದು ತಡ ಬರೆದು, ಹಾರ್ನಿನ ಧನ ಋಣ ತಂತಿಗಳನ್ನು ತಂತ್ರಾಂಶದಲ್ಲಿ ತಿರುವುಮುರುವು ಮಾಡಿ ಅಳೆಯಬೇಕು. ಎಲ್ಲ ಸರಿಯಿದ್ದರೆ ಎರಡೂ ಸ್ಪೀಕರ್ ಒಂದನ್ನೊಂದು ಅಳಿಸಿಹಾಕಿ 2000ದಲ್ಲಿ ಗೆರೆ ಬಾವಿಯಂತೆ ಕುಸಿಯುತ್ತದೆ. 25, 26, 28, 29 ಎಂದು ಒಂದೊಂದೇ ಬದಲಿಸಿ ನೋಡುತ್ತ ಹೋದರೆ ಒಂದು ಅಂಕಿಯಲ್ಲಿ ಬಾವಿ ಅತಿ ಆಳವಾಗಿ, ಎರಡೂ ದಡ ಸಮನಾಗಿ ಕಾಣುತ್ತದೆ. ಅದೇ ಸರಿಯಾದ ಅಂಕಿ. ತಂತಿಯನ್ನು ಮೊದಲಿನಂತೆ ಮಾಡಿದೊಡನೆ ಬಾವಿ ಮುಚ್ಚಿ ಗೆರೆ ನೇರವಾಗುತ್ತದೆ. ಇದನ್ನು ಮೊದಲ ಸಲ ಮಾಡಿದವರ ಮುಖ ನೋಡಬೇಕು. ಕಣ್ಣೆದುರೇ ಎರಡು ಸ್ಪೀಕರ್ ಒಂದಾದ ಸಂತೋಷ ಅದು.

ಫಿಲ್ಟರ್ ದಾಟಲಾಗದ ಗೋಡೆಯೂ ಒಂದಿದೆ. ಹದಿನೈದು ಇಂಚಿನ ವೂಫರಿನ ಕೋನ್ ಸುಮಾರು 33 ಸೆಂಟಿಮೀಟರ್ ಅಗಲ. 1000 ಹರ್ಟ್ಸ್ ದಾಟಿದ ಮೇಲೆ ಅಲೆ ಅದಕ್ಕಿಂತ ಗಿಡ್ಡವಾಗಿ, ಸದ್ದು ಟಾರ್ಚಿನ ಬೆಳಕಿನಂತೆ ಮುಂದಕ್ಕೆ ಮಾತ್ರ ಹೋಗುತ್ತದೆ. ಎದುರಿಗೆ ಕೂತವರಿಗೆ ಳಕಾರ ಕೇಳುತ್ತದೆ, ಪಕ್ಕದ ಜಗುಲಿಗೆ ಇಲ್ಲ. ಈಕ್ವಲೈಸರಿನಲ್ಲಿ 2000ವನ್ನು ಎಷ್ಟೇ ಎತ್ತಿದರೂ ಎದುರಿನವರ ಕಿವಿ ನೋಯುತ್ತದೆಯೇ ಹೊರತು ಪಕ್ಕದವರಿಗೆ ಪ್ರಯೋಜನವಿಲ್ಲ. ಪರಿಹಾರ ಒಂದೇ: ಹಾರ್ನ್ ತಾಳುವಷ್ಟು ಕೆಳಕ್ಕೆ, 1600ಕ್ಕೋ 1400ಕ್ಕೋ ಕ್ರಾಸ್‌ಓವರನ್ನು ಇಳಿಸುವುದು. ಎಷ್ಟು ತಾಳುತ್ತದೆ ಎಂಬುದನ್ನು ಹಾರ್ನ್ ಡ್ರೈವರಿನ ತಯಾರಕರು ಕೊಟ್ಟ ಹಾಳೆಯಲ್ಲಿ ಓದಿ, ಅದಕ್ಕಿಂತ ಕೆಳಗೆ ಹೋಗಬಾರದು.

ತಾಳ್ಮೆ ತಪ್ಪಿದರೆ ಸುಡುವುದು ಮೊದಲು ಹಾರ್ನೇ. ತಾಮ್ರದ ಹಲಗೆ ಇದ್ದಾಗ ಕೆಪಾಸಿಟರ್ ಅದನ್ನು ಕಾಯುತ್ತಿತ್ತು. ಆಂಪನ್ನು ನೇರ ಹಚ್ಚಿದ ಮೇಲೆ ಕಾವಲಿಲ್ಲ. ಕಂಪ್ಯೂಟರ್ ಮರುಚಾಲನೆಯಾಗುವಾಗಿನ ಧಡ್ ಸದ್ದು, ಚಾನೆಲ್ ಅದಲುಬದಲು, ಪೂರ್ತಿ ಜೋರಿನಲ್ಲಿ ವಿಂಡೋಸ್‌ನ ಸೂಚನೆಯ ಟಿಂಗ್ ಸದ್ದು, ಯಾವುದಾದರೂ ಒಂದು ಸಾಕು. ಆದ್ದರಿಂದ ಹಾರ್ನಿನ ತಂತಿಯಲ್ಲಿ ಒಂದು ಕೆಪಾಸಿಟರನ್ನು ಖಾಯಂ ಉಳಿಸಿಕೊಳ್ಳಬೇಕು. 8 ಓಮಿನ ಹಾರ್ನಿಗೆ 40 ಮೈಕ್ರೋಫ್ಯಾರಡ್ ಹಾಕಿದರೆ ತಡೆ 500 ಹರ್ಟ್ಸ್ ಆಸುಪಾಸಿನಿಂದ ಕೆಳಕ್ಕೆ ಶುರುವಾಗುತ್ತದೆ, 2000ದ ಕೆಲಸಕ್ಕೆ ಹೆಚ್ಚು ಅಡ್ಡ ಬರುವುದಿಲ್ಲ. ಸ್ವಲ್ಪ ಬಂದದ್ದನ್ನು ಅಳತೆಯಲ್ಲಿ ಹಿಡಿದು ತಿದ್ದಬಹುದು. ಆಂಪನ್ನು ಎಲ್ಲಕ್ಕಿಂತ ಕೊನೆಗೆ ಹಾಕಿ, ಎಲ್ಲಕ್ಕಿಂತ ಮೊದಲು ಆರಿಸುವ ರೂಢಿಯೂ ಬೇಕು.

ಹಾರ್ನಿನದೇ ಇನ್ನೊಂದು ಗುಣ ಇಂಟರ್‌ಫೇಸ್ ಆಯ್ಕೆಯನ್ನು ಮುಟ್ಟುತ್ತದೆ. ಮನೆಯ ಟ್ವೀಟರ್ ಒಂದು ವ್ಯಾಟಿಗೆ 90 ಡೆಸಿಬೆಲ್ ಆಸುಪಾಸಿನಲ್ಲಿದ್ದರೆ ಹಾರ್ನ್ 105, 110 ಮುಟ್ಟುತ್ತದೆ. ಇಂಟರ್‌ಫೇಸಿನ ಔಟ್‌ಪುಟ್‌ನಲ್ಲಿರುವ ಸಣ್ಣ ಸುಯ್ಯೆನ್ನುವ ಸದ್ದೂ ಅಷ್ಟೇ ಪಾಲು ಹಿಗ್ಗಿ, ಹಾಡು ನಿಂತೊಡನೆ ಕೋಣೆಯಲ್ಲಿ ಮಳೆ ಬಂದಂತೆ ಕೇಳುತ್ತದೆ. ದುಬಾರಿ ಇಂಟರ್‌ಫೇಸ್‌ಗೆ ಓಡುವ ಮೊದಲು ಆಂಪಿನ ಗೇನ್ ಇಳಿಸುವುದು, ಇಲ್ಲವೇ ಆಂಪ್ ಮತ್ತು ಹಾರ್ನಿನ ನಡುವೆ ರೆಸಿಸ್ಟರ್ ಜೋಡಿ ಹಾಕಿ ಹಾರ್ನಿನ ಜೋರನ್ನು ವೂಫರಿನ ಮಟ್ಟಕ್ಕೆ ತರುವುದು ಅಗ್ಗದ, ಖಚಿತ ಮದ್ದು. 50 ಹರ್ಟ್ಸ್‌ನ ಗುಂಯ್‌ಗುಡುವಿಕೆ ಬೇರೆ ರೋಗ. ಲ್ಯಾಪ್‌ಟಾಪ್, ಆಂಪ್ ಬೇರೆ ಬೇರೆ ದಾರಿಯಲ್ಲಿ ಅರ್ತ್ ಹಿಡಿದಾಗ ಅದು ಬರುತ್ತದೆ. ಮೂರು ತಂತಿಯ ಬ್ಯಾಲೆನ್ಸ್ಡ್ ಕೇಬಲ್ ಹಾಕಿ, ಎಲ್ಲವನ್ನೂ ಒಂದೇ ಪ್ಲಗ್ ಹಲಗೆಗೆ ಸಿಕ್ಕಿಸಿದರೆ ಹೆಚ್ಚಾಗಿ ಹೋಗುತ್ತದೆ. ಅರ್ತ್ ಪಿನ್ ಮುರಿಯುವ ಚಾಳಿ ಜೀವಕ್ಕೆ ಅಪಾಯ, ಎಂದೂ ಮಾಡಬಾರದು.

ಇದನ್ನೆಲ್ಲ ಓದಿದ ರೇಡಿಯೋ ಸೆಟ್ಟಿನವರು ನಾಳೆಯೇ ಲ್ಯಾಪ್‌ಟಾಪ್ ಹೊತ್ತು ಹಬ್ಬಕ್ಕೆ ಹೋಗಬಾರದು. ಕರೆಂಟ್ ಹೋಗಿ ಜನರೇಟರ್ ಬರುವಷ್ಟರಲ್ಲಿ ಇಂಟರ್‌ಫೇಸ್ ಆರಿ ಹತ್ತುತ್ತದೆ, ತಂತ್ರಾಂಶ ಅದನ್ನು ಮತ್ತೆ ಹುಡುಕಬೇಕು. ಅಷ್ಟು ಹೊತ್ತು ಬೀದಿ ಮೌನ. ಅಂಥ ಕೆಲಸಕ್ಕೆ ಎರಡು ಇನ್‌ಪುಟ್, ಆರು ಔಟ್‌ಪುಟ್ ಇರುವ ಡಿಬಿಎಕ್ಸ್ ಡ್ರೈವ್‌ರ‍್ಯಾಕ್ ಪಿಎ2ದಂಥ ಪ್ರತ್ಯೇಕ ಪೆಟ್ಟಿಗೆಗಳಿವೆ. ಮನೆಮಟ್ಟಿಗೆ ಮಿನಿಡಿಎಸ್‌ಪಿಯ 2x4 ಎಚ್‌ಡಿ ಇದೆ. ಕಂಪ್ಯೂಟರಿನಲ್ಲಿ ತಾರಸಿಯ ಮೇಲೆ ನಿಧಾನವಾಗಿ ಅಳೆದು ಕಂಡುಕೊಂಡ ಅಂಕಿಗಳನ್ನು, ಅಂದರೆ ಯಾವ ಸ್ವರ, ಯಾವ ಇಳಿಜಾರು, ಎಷ್ಟು ತಡ ಎಂಬುದನ್ನು, ಆ ಪೆಟ್ಟಿಗೆಯಲ್ಲಿ ಬರೆದಿಟ್ಟುಕೊಂಡರೆ ಎರಡರ ಲಾಭವೂ ಸಿಗುತ್ತದೆ. ಸಾಮಾನು ಹುಡುಕಲು ಸೇಲಂನವರಿಗೆ ಒಂದು ಕಡೆ ಬೆಂಗಳೂರಿನ ಎಸ್.ಪಿ. ರಸ್ತೆ, ಇನ್ನೊಂದು ಕಡೆ ಚೆನ್ನೈನ ರಿಚಿ ಸ್ಟ್ರೀಟ್. ಬೆಂಗಳೂರು ಹತ್ತಿರ, ಸುಮಾರು 200 ಕಿಲೋಮೀಟರ್. ಬೆಳಿಗ್ಗೆ ಹೊರಟವರು ರಾತ್ರಿಗೆ ಮನೆ ಸೇರಬಹುದು.

ಸ್ಪಷ್ಟತೆ ಬಂದರೆ ಜೋರು ಕಡಿಮೆ ಮಾಡಬಹುದು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಎಂಬುದು ಸಾಮಾನ್ಯ ನಿಯಮ. ಮಾತು ತಿಳಿಯದಿದ್ದಾಗ ಮೈಕಿನವರು ಮಾಡುವ ಮೊದಲ ಕೆಲಸ ವಾಲ್ಯೂಮ್ ಏರಿಸುವುದು. ಅಕ್ಷರ ಕಳೆದುಹೋದ ಜಾಗ 2000 ಹರ್ಟ್ಸ್ ಆಗಿರುವಾಗ ಏರಿದ್ದೆಲ್ಲ ಗುಡುಗಾಗಿ ಪಕ್ಕದ ಬೀದಿಯ ಮಕ್ಕಳ ನಿದ್ದೆ ಕೆಡಿಸುತ್ತದೆ.

ಅಳತೆ ಮುಗಿದ ಮೇಲೆ ಕೊನೆಯ ಪರೀಕ್ಷೆಗೆ ಕಿವಿಯೇ ಬೇಕು, ಅದೂ ಆ ಭಾಷೆಯನ್ನು ಮನೆಯಲ್ಲಿ ಆಡುವ ಕಿವಿ. ಬಲೆ ಬಳೆ, ಕಲೆ ಕಳೆ, ಹಾಲು ಹಾಳು ಎಂದು ಹತ್ತಿಪ್ಪತ್ತು ಜೋಡಿಗಳನ್ನು ಮನೆಯವರೇ ಯಾರಾದರೂ ಓದಿ ಫೋನಿನಲ್ಲಿ ಹಿಡಿದುಕೊಂಡರೆ ಸಾಕು. 1600ಕ್ಕೆ ಕಟ್ಟಿದ ಕಡತ ಒಂದು, 2200ಕ್ಕೆ ಕಟ್ಟಿದ್ದು ಇನ್ನೊಂದು. ಎರಡನ್ನೂ ಒಂದೇ ಜೋರಿಗೆ ತಂದು, ಯಾವುದು ಯಾವುದೆಂದು ಹೇಳದೆ, ಬಾಕ್ಸಿನ ಎದುರಿಗಲ್ಲದೆ ಓರೆಯಾಗಿ ಇಪ್ಪತ್ತು ಅಡಿ ಆಚೆ ಕುರ್ಚಿ ಹಾಕಿ ಅಜ್ಜಿಯನ್ನು ಕೂರಿಸಿ ಆಡಿಸಬೇಕು. ಕೇಳಿದ ಮಾತನ್ನು ಅವರು ತಿರುಗಿ ಹೇಳಲಿ, ಮೊಮ್ಮಕ್ಕಳು ಕಾಗದದ ಮೇಲೆ ಸರಿ ತಪ್ಪು ಗುರುತು ಹಾಕಲಿ. ಯಾವ ಕಡತದಲ್ಲಿ ಬಳೆ ಬಳೆಯಾಗಿಯೇ ಕೇಳಿಸಿತೋ ಅದನ್ನು ಉಳಿಸಿಕೊಂಡು, ಹಾರ್ನಿಗೆ ಕಟ್ಟಿದ ಕೆಪಾಸಿಟರಿನ ಬೆಸುಗೆ ಗಟ್ಟಿಯಾಗಿದೆಯೇ ಎಂದು ಒಮ್ಮೆ ಎಳೆದು ನೋಡಿ, ಬಾಕ್ಸಿನ ಹಿಂಬದಿಯ ಹಲಗೆಗೆ ಸ್ಕ್ರೂ ಬಿಗಿಯಬಹುದು.